ಭಾಗ 6: ‘ನಾಟ್ ಕೇಪಬಲ್’ ಅಂದ ಮಾತ್ರಕ್ಕೆ ಗುಜರಿಗಾ?

ಅಮ್ಮತ್ತಿಯ ಗೆಳೆಯರೇ, ಲ್ಯಾಬ್‌ನಲ್ಲಿ ಚೆನ್ನಾಗಿ ಓಡ್ತಿರೋ ಕಂಪ್ಯೂಟರ್‌ನ ‘ಇದು ಹಳೇದು, ವಿಂಡೋಸ್ 11 ಬರಲ್ಲ’ ಅಂತ ಮೂಲೆಗೆ ತಳ್ಳಿದ್ದು ನೋಡಿದ್ದೀರಾ? ಹಳೇದು ಅನ್ನೋದನ್ನ ತೀರ್ಮಾನ ಮಾಡಿದ್ದು ಯಾರು?

2001ರ ವಿಂಡೋಸ್ ಎಕ್ಸ್‌ಪಿಗೆ 64 ಎಂಬಿ ರ‍್ಯಾಮ್ ಇದ್ರೂ ನಡೀತಿತ್ತು. 2009ರ ವಿಂಡೋಸ್ 7 ಕನಿಷ್ಠ 1 ಜಿಬಿ ಕೇಳ್ತು. ಸಾಲದಿದ್ರೆ ಇನ್ನೊಂದು ರ‍್ಯಾಮ್ ಹಾಕಿದ್ರಾಯ್ತು. 2015ರ ವಿಂಡೋಸ್ 10 ಕೂಡ ಹೆಚ್ಚುಕಡಿಮೆ ಅಷ್ಟೇ ಕೇಳಿದ್ದು.

2021ರ ಜೂನ್‌ನಲ್ಲಿ ಲೆಕ್ಕ ಬದಲಾಯ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0, ಅಂದ್ರೆ ಗುಪ್ತ ಕೀಗಳನ್ನ ಕಾಪಾಡೋ ವ್ಯವಸ್ಥೆ, ಇರಲೇಬೇಕು. ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲೂ ಇರಬೇಕು. ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮೇಲೆ. 7ನೇ ತಲೆಮಾರಿನ ಕೆಲವೇ ಕೆಲವು ಆಮೇಲೆ ಸೇರಿದ್ವು. ಅದರಲ್ಲೊಂದು ಮೈಕ್ರೋಸಾಫ್ಟ್ ತಾನೇ ಮಾರಿದ್ದ ಸರ್ಫೇಸ್ ಸ್ಟುಡಿಯೋ 2ರಲ್ಲಿತ್ತು. (ನೀವೇ ಅರ್ಥ ಮಾಡ್ಕೊಳ್ಳಿ.) ಪರೀಕ್ಷೆ ಮಾಡೋಕೆ ಕೊಟ್ಟ ಪಿಸಿ ಹೆಲ್ತ್ ಚೆಕ್ ಆ್ಯಪ್ ಮೊದಲು ‘ಆಗಲ್ಲ’ ಅಂತಿತ್ತೇ ಹೊರತು ಯಾಕೆ ಅಂತ ಸರಿಯಾಗಿ ಹೇಳ್ತಿರಲಿಲ್ಲ. ಬೈಗುಳ ತಿಂದು ವಾಪಸ್ ಹೋಗಿ, ರಿಪೇರಿಯಾಗಿ ಬಂತು.

ನೂರಾರು ಕಂಪ್ಯೂಟರ್ ನೋಡ್ಕೊಳ್ಳೋ ಆಫೀಸುಗಳಿಗೆ ಮೈಕ್ರೋಸಾಫ್ಟ್‌ನ ಇಂಟ್ಯೂನ್ ಅನ್ನೋ ಸಾಧನ ನಾಲ್ಕು ಗುಂಪು ಮಾಡಿ ಕೊಡುತ್ತೆ: ಅಪ್‌ಗ್ರೇಡ್ ಆದದ್ದು, ಕೇಪಬಲ್, ನಾಟ್ ಕೇಪಬಲ್, ಅನ್‌ನೋನ್. ಮಾಹಿತಿ ಬಾರದೇ ಇರೋವು ಕೊನೇ ಗುಂಪಿಗೆ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ನಮ್ಮೂರಿಡೀ ಅನ್‌ನೋನ್!

ಎಡವಟ್ಟಾಗೋದು ಮೂರನೇ ಗುಂಪಲ್ಲಿ. ನಿಜವಾಗ್ಲೂ ಆಗದ ಮೆಷಿನ್ ಜೊತೆ, ಬಯಾಸ್‌ನಲ್ಲಿ ಟಿಪಿಎಂ ಬರೀ ಆಫ್ ಆಗಿರೋ ಮೆಷಿನ್ನೂ ಅಲ್ಲೇ ಕೂತಿರಬಹುದು. ಎರಡನೇದಕ್ಕೆ ಬೇಕಿರೋದು ಐದು ನಿಮಿಷದ ಕೆಲಸ, ಹೊಸ ಕಂಪ್ಯೂಟರ್ ಅಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಆದ್ರೂ ಶಿಕ್ಷಣ ಸಂಸ್ಥೆಗಳಿಗೆ ಸೆಕ್ಯೂರಿಟಿ ಅಪ್‌ಡೇಟ್ ಮುಂದುವರಿಸೋಕೆ ಮೈಕ್ರೋಸಾಫ್ಟ್ ಇಟ್ಟ ದರ ಮೆಷಿನ್‌ಗೆ ಮೊದಲ ವರ್ಷ 1 ಡಾಲರ್, ಆಮೇಲೆ 2, ಆಮೇಲೆ 4. ಮೂರು ವರ್ಷ ಸಿಗುತ್ತೆ.

ಭಾಗಮಂಡಲ, ಕರಿಕೆ ದಾಟಿ ಪಾಣತ್ತೂರಿಗೆ ಇಳಿದ್ರೆ ಕಾಸರಗೋಡು ಜಿಲ್ಲೆ. ಅಲ್ಲಿನ ಸರ್ಕಾರಿ ಕನ್ನಡ ಶಾಲೆಯ ಮಕ್ಕಳಿಗೆ ಈ ಪಟ್ಟಿಯ ತಲೆಬಿಸಿ ಕಮ್ಮಿ. 2001ರಲ್ಲಿ ಶುರುವಾದ ಕೇರಳದ ಐಟಿ@ಸ್ಕೂಲ್, ಈಗಿನ ಕೈಟ್, ಶಾಲೆಗಳಿಗೆ ತನ್ನದೇ ಲಿನಕ್ಸ್ ಕೊಡ್ತಾ ಬಂದಿದೆ. ಐಟಿ ಪಠ್ಯಪುಸ್ತಕ ಕನ್ನಡದಲ್ಲೂ ಇದೆ.

ನಿಮ್ಮ ಲ್ಯಾಬ್‌ನಲ್ಲಿ ಸರ್ ಅಥವಾ ಮೇಡಂ ಹತ್ರ ಕೇಳಿ, ರನ್ ಬಾಕ್ಸ್‌ನಲ್ಲಿ ‘ಟಿಪಿಎಂ ಡಾಟ್ ಎಂಎಸ್‌ಸಿ’ ಅಂತ ಇಂಗ್ಲಿಷಲ್ಲಿ ಹೊಡೆದು ನೋಡಿ. ‘ಸಿಗ್ತಿಲ್ಲ’ ಅಂದ್ರೆ ಒಮ್ಮೆ ಬಯಾಸ್ ನೋಡಿ. ಏನು ಬಂತು ಅಂತ ಕಾಮೆಂಟಲ್ಲಿ ಹಾಕಿ.