ಮುಜುಗರಕ್ಕೆ ಬಿದ್ದ ಒಂದು ಹೆಸರು

2025ರ ವೈದ್ಯಕೀಯ ನೊಬೆಲ್ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ ಸಂದಾಗ ‘ನಿಯಂತ್ರಕ ಟಿ ಕೋಶ’ ಎಂಬ ಹೆಸರು ಹೊಸದಾಗಿ ಹಲವರ ಕಿವಿಗೆ ಬಿತ್ತು. ದೇಹದ ಪ್ರತಿರೋಧವನ್ನು ಹತೋಟಿಯಲ್ಲಿಡುವ ಇಂಥ ಕೋಶಗಳಿಗೆ ಹಿಂದೆ ಬೇರೆ ಹೆಸರಿತ್ತು: ಸಪ್ರೆಸರ್, ಅಂದರೆ ದಮನಕ. ದಶಕಕ್ಕೂ ಹೆಚ್ಚು ಕಾಲ ಮೆರೆದು, ಆಮೇಲೆ ವಿಜ್ಞಾನಿಗಳು ಆಡಲೂ ಹಿಂಜರಿಯುವಂತಾದ ಹೆಸರದು.

‘ಟಿ’ ಬಂದದ್ದು ಥೈಮಸ್‌ನಿಂದ. ಎದೆಮೂಳೆಯ ಹಿಂದೆ ಕೂತ ಈ ಪುಟ್ಟ ಅಂಗಕ್ಕೂ ರೋಗನಿರೋಧಕ ಶಕ್ತಿಗೂ ಇರುವ ನಂಟನ್ನು 1961ರಲ್ಲಿ ಲಂಡನ್ನಿನಲ್ಲಿ ತೋರಿಸಿದವರು ಜಾಕ್ ಮಿಲ್ಲರ್. ಅಸ್ಥಿಮಜ್ಜೆಯಿಂದ ಬಂದ ಎಳೆಯ ಕೋಶಗಳು ಇಲ್ಲಿ ಬಲಿಯುತ್ತವೆ. ದೇಹದ ಸ್ವಂತ ಗುರುತಿನ ಪ್ರೋಟೀನನ್ನು ಸ್ವಲ್ಪವೂ ಹಿಡಿಯಲಾರದ ಕೋಶ ಸಾಯುತ್ತದೆ. ತೀರಾ ಬಿಗಿಯಾಗಿ ಹಿಡಿದರೂ ಸಾಯುತ್ತದೆ, ಏಕೆಂದರೆ ನಾಳೆ ಅದು ಮನೆಯವರ ಮೇಲೇ ಬೀಳಬಹುದು. ಈ ಪರೀಕ್ಷೆಗಾಗಿ ಥೈಮಸ್ಸಿನ ಒಳಭಾಗದ ಕೋಶಗಳು ಏರ್ ಎಂಬ ಜೀನಿನ ಬಲದಿಂದ ಮೇದೋಜೀರಕದ ಇನ್ಸುಲಿನ್ನಿನಂಥ ದೂರದ ಅಂಗಗಳ ಪ್ರೋಟೀನನ್ನೂ ತಾವೇ ತಯಾರಿಸಿ ಮುಂದಿಡುತ್ತವೆ. 100ರಲ್ಲಿ ಸುಮಾರು 95 ಕೋಶಗಳು ಹೊರಗೆ ಬರುವುದೇ ಇಲ್ಲ. ಇಷ್ಟು ಕಟ್ಟುನಿಟ್ಟಿದ್ದರೂ ಕೆಲವು ಅಪಾಯಕಾರಿ ಕೋಶಗಳು ನುಸುಳಿಕೊಳ್ಳುತ್ತವೆ.

ಅವನ್ನು ತಡೆಯುವವರು ಯಾರು? 1970ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಗರ್ಶನ್ ಮತ್ತು ಕೊಂಡೊ, ಟಿ ಕೋಶಗಳು ಪ್ರತಿರೋಧವನ್ನು ಹೆಚ್ಚಿಸುವಂತೆ ತಗ್ಗಿಸಲೂ ಬಲ್ಲವು ಎಂದರು. ದಮನಕ ಎಂಬ ಹೆಸರು ಚಾಲ್ತಿಗೆ ಬಂದದ್ದು ಆ ಬಳಿಕ. ಪ್ರಬಂಧಗಳು ಸಾಲುಗಟ್ಟಿದವು, ದಮನಕಗಳಿಗೆ ಐ-ಜೆ ಎಂಬ ಜೀನನ್ನೂ ಕಲ್ಪಿಸಲಾಯಿತು. 1980ರ ದಶಕದ ಆರಂಭದಲ್ಲಿ ಇಲಿಯ ಡಿಎನ್‌ಎಯಲ್ಲಿ ಅದು ಇರಬೇಕಿದ್ದ ಜಾಗವನ್ನು ಬಿಡಿಸಿ ನೋಡಿದರೆ ಅಂಥ ಜೀನೇ ಇರಲಿಲ್ಲ. ಜೀನಿನ ಜೊತೆಗೆ ಹೆಸರೂ ಮುಳುಗಿತು. ಗರ್ಶನ್ 1983ರಲ್ಲಿ ತೀರಿಕೊಂಡರು. ಅವರು ಕಂಡದ್ದರ ತಿರುಳು ನಿಜವಾಗಿತ್ತು. ಕಟ್ಟಿದ ವಿವರಣೆ ಕುಸಿದಾಗ ಕಂಡದ್ದನ್ನೂ ಹೂಳಿಬಿಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ.

ಜಪಾನಿನಲ್ಲಿ ಮಾತ್ರ ಒಂದು ಎಳೆ ಉಳಿದಿತ್ತು. ಹುಟ್ಟಿ ಮೂರನೆಯ ದಿನ ಥೈಮಸ್ ತೆಗೆದರೆ ಹೆಣ್ಣಿಲಿಯ ಅಂಡಾಶಯ ಹಾಳಾಗುತ್ತದೆ, ಏಳನೆಯ ದಿನ ತೆಗೆದರೆ ಏನೂ ಆಗದು ಎಂದು ನಿಶಿಜುಕಾ ಮತ್ತು ಸಕಾಕುರಾ 1969ರಲ್ಲೇ ತೋರಿಸಿದ್ದರು. ನಾಲ್ಕೇ ದಿನಗಳ ಅಂತರ! ಆ ಅವಧಿಯಲ್ಲಿ ಥೈಮಸ್ಸಿನಿಂದ ಹೊರಬೀಳುವುದೇನು ಎಂಬುದರ ಬೆನ್ನುಹತ್ತಿದ ಸಕಾಗುಚಿ, ಹೆಸರು ಕೆಟ್ಟ ಕಾಲದಲ್ಲೂ ಬಿಡದೆ, 1995ರಲ್ಲಿ ಆ ಕೋಶಗಳ ಮೈಮೇಲೆ ಸಿಡಿ25 ಎಂಬ ಗುರುತನ್ನು ಹಿಡಿದರು. ಆಮೇಲೆ ಜನ ಅವನ್ನು ‘ರೆಗ್ಯುಲೇಟರಿ’ ಎಂದು ಕರೆಯತೊಡಗಿದರು. ಹಳೆಯ ಹೆಸರಿನ ನೆರಳು ಬೀಳದಿರಲೆಂಬ ಎಚ್ಚರ ಅದರಲ್ಲಿತ್ತು.

ಕನ್ನಡದಲ್ಲಿ ಈ ಎರಡು ಪದಗಳ ನಡುವೆ ದೂರ ಇನ್ನೂ ಹೆಚ್ಚು. ದಮನ ಎಂದೊಡನೆ ಚಳವಳಿಯ ದಮನ, ದಮನಿತರು ನೆನಪಾಗುತ್ತಾರೆ. ಬೂಟಿನ ಸದ್ದಿರುವ ಪದ. ನಿಯಂತ್ರಕ ಎಂದರೆ ಬಸ್ ನಿಲ್ದಾಣದ ಸಂಚಾರ ನಿಯಂತ್ರಕರು, ಯಾವ ಗಾಡಿ ಯಾವಾಗ ಹೊರಡಬೇಕೆಂದು ನೋಡಿಕೊಳ್ಳುವವರು. ಆದರೂ ದಮನದ ಬೇರಿನಲ್ಲಿ ‘ಶಮ ದಮ’ದ ದಮವಿದೆ: ತನ್ನ ಇಂದ್ರಿಯಗಳನ್ನು ತಾನೇ ಹತೋಟಿಯಲ್ಲಿಡುವುದು. ದೇಹ ತನ್ನ ಸೇನೆಯನ್ನೇ ಹಿಡಿದಿಡುವ ಕೆಲಸಕ್ಕೆ ಈ ಹಳೆಯ ಅರ್ಥ ಚೆನ್ನಾಗಿ ಒಪ್ಪುತ್ತದೆ.

2001ರಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್, ಚರ್ಮ ಹೊಪ್ಪಳಿಸಿ ಕೆಲವೇ ವಾರಗಳಲ್ಲಿ ಸಾಯುವ ‘ಸ್ಕರ್ಫಿ’ ಇಲಿಗಳಲ್ಲಿ ಕೆಟ್ಟಿದ್ದ ಜೀನನ್ನು ಪತ್ತೆಹಚ್ಚಿ ಫಾಕ್ಸ್‌ಪಿ3 ಎಂದರು. ಎರಡು ವರ್ಷಗಳಲ್ಲಿ, ಟಿ ಕೋಶವೊಂದನ್ನು ನಿಯಂತ್ರಕವಾಗಿಸುವುದು ಅದೇ ಜೀನು ಎಂಬುದು ಖಚಿತವಾಯಿತು. ಸ್ವಂತ ಪ್ರೋಟೀನನ್ನು ಬಿಗಿಯಾಗಿ ಹಿಡಿದ ಕೋಶಗಳೆಲ್ಲ ಥೈಮಸ್ಸಿನಲ್ಲಿ ಸಾಯುವುದಿಲ್ಲ. ಕೆಲವು ಈ ಜೀನನ್ನು ಹೊತ್ತಿಸಿಕೊಂಡು ಕಾವಲಿಗೆ ನಿಲ್ಲುತ್ತವೆ. ಅಂಗಕಸಿಯಲ್ಲಿ ಅವನ್ನು ಹೆಚ್ಚಿಸಲು, ಕ್ಯಾನ್ಸರ್ ಗೆಡ್ಡೆಯೊಳಗೆ ತಗ್ಗಿಸಲು ಈಗ ಪ್ರಯೋಗಗಳು ನಡೆದಿವೆ.