ಅರಸನ ಮತ, ಪ್ರಜೆಯ ಮತ

ಮೂಡಿಗೆರೆ ತಾಲ್ಲೂಕಿನ ಅಂಗಡಿ ಇಂದು ಕಾಫಿ ತೋಟಗಳ ನಡುವಿನ ಚಿಕ್ಕ ಊರು. ಇದರ ಹಳೆಯ ಹೆಸರು ಸೊಸೆವೂರು. ಹೊಯ್ಸಳ ಅರಸು ಮನೆತನದ ಮೂಲಸ್ಥಾನ ಇದೇ. ಇಲ್ಲಿನ ವಸಂತಿಕಾ ದೇವಿಯ ಗುಡಿಯ ಬಳಿ ಜೈನ ಮುನಿಯೊಬ್ಬರು ‘ಹೊಯ್ ಸಳ’ ಎಂದು ಕೂಗಿದ್ದು, ಸಳ ಹುಲಿಯನ್ನು ಕೊಂದದ್ದು ಶಾಲಾ ಮಕ್ಕಳಿಗೂ ಗೊತ್ತಿರುವ ಕಥೆ. ಕಥೆಯನ್ನು ಬದಿಗಿಟ್ಟರೂ ಊರಿನ ಕಲ್ಲುಗಳು ಸಾಕ್ಷಿ ಹೇಳುತ್ತವೆ. ಇಲ್ಲಿ ಬಸದಿಗಳಿವೆ. ದೊರೆ ವಿನಯಾದಿತ್ಯನ ಗುರುವಾಗಿದ್ದ ಶಾಂತಿದೇವ 1062ರಲ್ಲಿ ದೇಹತ್ಯಾಗ ಮಾಡಿದಾಗ ಅವರ ನೆನಪಿಗೆ ನಿಲ್ಲಿಸಿದ ಶಾಸನವೂ ಇಲ್ಲಿಯದೇ. ಹೊಯ್ಸಳರ ಮೊದಲ ದಿನಗಳಿಗೆ ಜೈನ ಗುರುಗಳ ಆಸರೆ ಇತ್ತೆಂಬುದರಲ್ಲಿ ಅನುಮಾನವಿಲ್ಲ.

ವಿನಯಾದಿತ್ಯನ ಮೊಮ್ಮಗ ಬಿಟ್ಟಿದೇವ. ಅವನು ರಾಮಾನುಜಾಚಾರ್ಯರ ಪ್ರಭಾವದಿಂದ ಜೈನ ಮತ ಬಿಟ್ಟು ವೈಷ್ಣವನಾದ, ವಿಷ್ಣುವರ್ಧನ ಎಂಬ ಹೆಸರು ಪಡೆದ ಎಂಬುದು ಪರಂಪರೆಯ ಮಾತು. 1117ರಲ್ಲಿ ಅವನು ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಮತ ಬದಲಿಸಿದ ಮೇಲೆ ಅರಸ ಬಸದಿಗಳನ್ನು ಕೆಡವಿಸಿದ, ಜೈನರನ್ನು ಗಾಣಕ್ಕೆ ಹಾಕಿಸಿದ ಎಂಬ ಕಥೆಗಳೂ ಮುಂದಿನ ಕಾಲದಲ್ಲಿ ಹುಟ್ಟಿಕೊಂಡವು. ಅರಸನೊಬ್ಬ ಮತ ಬದಲಿಸಿದರೆ ಪ್ರಜೆಗಳ ಗತಿ ಏನು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಇದೇ ಪ್ರಶ್ನೆಗೆ ಯುರೋಪ್ 16ನೇ ಶತಮಾನದಲ್ಲಿ ಕೊಟ್ಟ ಉತ್ತರ ಕಠೋರವಾಗಿತ್ತು. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1534ರಲ್ಲಿ ರೋಮಿನ ಪೋಪ್ ಜೊತೆಗಿನ ಸಂಬಂಧ ಕಡಿದುಕೊಂಡು ತಾನೇ ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥ ಎಂದು ಕಾನೂನು ಮಾಡಿಸಿದ. 1536ರಿಂದ 1540ರ ಒಳಗೆ ಕ್ಯಾಥೊಲಿಕ್ ಸನ್ಯಾಸಿಗಳ ಮಠಗಳನ್ನೆಲ್ಲ ಮುಚ್ಚಿಸಿ ಅವುಗಳ ಭೂಮಿಯನ್ನು ವಶಪಡಿಸಿಕೊಂಡ. ಅವನ ಮಗ ಆರನೇ ಎಡ್ವರ್ಡ್ ದೇಶವನ್ನು ಪೂರ್ತಿ ಪ್ರಾಟೆಸ್ಟಂಟ್ ಮತದತ್ತ ಒಯ್ದ. 1553ರಲ್ಲಿ ಪಟ್ಟಕ್ಕೆ ಬಂದ ಮಗಳು ಮೇರಿ ಮತ್ತೆ ಕ್ಯಾಥೊಲಿಕ್ ಮತವನ್ನು ತಂದಳು; ಅವಳ ಐದು ವರ್ಷದ ಆಳ್ವಿಕೆಯಲ್ಲಿ ಸುಮಾರು 280 ಪ್ರಾಟೆಸ್ಟಂಟರನ್ನು ಜೀವಂತ ಸುಡಲಾಯಿತು. ಅವಳ ನಂತರ ಬಂದ ಎಲಿಜಬೆತ್ ಮತ್ತೊಮ್ಮೆ ಪ್ರಾಟೆಸ್ಟಂಟ್ ಮತವನ್ನು ನೆಲೆಗೊಳಿಸಿದಳು. ಜರ್ಮನಿಯ ಸಂಸ್ಥಾನಗಳಲ್ಲಂತೂ ದೊರೆಯ ಮತವೇ ನಾಡಿನ ಮತ ಎಂಬ ತತ್ವವನ್ನು 1555ರ ಆಗ್ಸ್‌ಬರ್ಗ್ ಒಪ್ಪಂದವೇ ಒಪ್ಪಿತ್ತು. ಸಿಂಹಾಸನದ ಮೇಲೆ ಕುಳಿತವರು ಬದಲಾದಂತೆ ಹಳ್ಳಿಯ ರೈತನೂ ತನ್ನ ಪ್ರಾರ್ಥನೆಯನ್ನು ಬದಲಿಸಬೇಕಾಗಿತ್ತು.

ಹೊಯ್ಸಳ ನಾಡಿನ ಶಾಸನಗಳು ಹೇಳುವುದು ಬೇರೆಯೇ ಸಂಗತಿ. ರಾಮಾನುಜರು ಅರಸನನ್ನು ಮತಾಂತರಗೊಳಿಸಿದ ಪ್ರಸಂಗವೇ ಮುಖ್ಯವಾಗಿ ನಂತರದ ವೈಷ್ಣವ ಗುರುಪರಂಪರೆಯ ಗ್ರಂಥಗಳಿಂದ ಬಂದದ್ದು. ಬೇಲೂರಿನ ದೇಗುಲ ಪ್ರತಿಷ್ಠೆಯಾದ ಮರುವರ್ಷವೇ, ಅಂದರೆ 1118ರಲ್ಲಿ, ಜೈನನಾಗಿದ್ದ ದಂಡನಾಯಕ ಗಂಗರಾಜ ಅರಸನಿಂದ ಪರಮ ಎಂಬ ಗ್ರಾಮವನ್ನು ಬಹುಮಾನವಾಗಿ ಪಡೆದ. ತನ್ನ ತಾಯಿ ಮತ್ತು ಹೆಂಡತಿ ಕಟ್ಟಿಸಿದ್ದ ಬಸದಿಗಳಿಗೆ ಅದನ್ನು ದತ್ತಿ ಬಿಟ್ಟ. ಶ್ರವಣಬೆಳಗೊಳದ ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದವನೂ ಇವನೇ.

ಪಟ್ಟದರಸಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಗಂಡ ವಿಷ್ಣುಭಕ್ತನಾದರೂ ಶಾಂತಲೆ ಜೈನ ಮತವನ್ನು ಬಿಡಲಿಲ್ಲ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಾಗ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟಳು. ಮೂರು ಮತಗಳು ಒಂದೇ ಅರಮನೆಯ ನೆಂಟಸ್ತಿಕೆಯಲ್ಲಿ ಕೂಡಿದ್ದವು.

ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಹಳೇಬೀಡಿನ ಪಾರ್ಶ್ವನಾಥ ಬಸದಿಯದು. ಗಂಗರಾಜನ ಮಗ ಬೊಪ್ಪದೇವ ತಂದೆಯ ನೆನಪಿಗಾಗಿ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದವನ್ನು ಅರ್ಚಕರು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದರು. ಯುದ್ಧದಲ್ಲಿ ಗೆದ್ದಿದ್ದ, ಗಂಡುಮಗುವಿನ ತಂದೆಯೂ ಆಗಿದ್ದ ವಿಷ್ಣುವರ್ಧನ ಎದ್ದು ಕೈಮುಗಿದು ಗಂಧೋದಕವನ್ನು ತಲೆಗೆ ಒತ್ತಿಕೊಂಡನೆಂದು ಶಾಸನ ಹೇಳುತ್ತದೆ. ದೇವರಿಗೆ ವಿಜಯ ಪಾರ್ಶ್ವ, ಮಗನಿಗೆ ವಿಜಯ ನರಸಿಂಹ ಎಂದು ಹೆಸರಿಟ್ಟ. ಬಸದಿಗೆ ಜಾವಗಲ್ ಗ್ರಾಮವನ್ನು ಬಿಟ್ಟುಕೊಟ್ಟ. ಬೇಲೂರಿನ ದೇಗುಲ ಎದ್ದು ಆಗಲೇ 16 ವರ್ಷ ಕಳೆದಿತ್ತು.

ಇದಕ್ಕೆ ಕಾರಣ ಅರಸನ ದೊಡ್ಡ ಮನಸ್ಸು ಮಾತ್ರವಲ್ಲ. ಅಂದಿನ ರಾಜ್ಯ ನಡೆಯುತ್ತಿದ್ದ ಬಗೆಯೇ ಹಾಗಿತ್ತು. ಸೈನ್ಯದ ನಾಯಕರಲ್ಲಿ, ಮಂತ್ರಿಗಳಲ್ಲಿ, ವರ್ತಕರಲ್ಲಿ ಜೈನರ ಸಂಖ್ಯೆ ದೊಡ್ಡದು. ಅವರನ್ನು ಎದುರು ಹಾಕಿಕೊಂಡು ಚೋಳರ ಮೇಲೆ ಯುದ್ಧ ಮಾಡುವುದು ಸಾಧ್ಯವಿರಲಿಲ್ಲ. ಮುಖ್ಯವಾದ ಇನ್ನೊಂದು ಸಂಗತಿಯೆಂದರೆ, ಇಲ್ಲಿನ ಅರಸ ಯಾವ ಮತಕ್ಕೂ ಅಧಿಪತಿಯಲ್ಲ. ಅವನು ದಾನಿ ಮತ್ತು ರಕ್ಷಕ. ಪೂಜೆ, ದೀಕ್ಷೆ, ಸಿದ್ಧಾಂತಗಳೆಲ್ಲ ಗುರುಮಠಗಳ ಪಾಲಿನವು. ಹೆನ್ರಿ ಚರ್ಚಿನ ಮುಖ್ಯಸ್ಥನಾದ. ವಿಷ್ಣುವರ್ಧನ ದೇವಾಲಯದ ಭಕ್ತನಾದ.

ಅಂಗಡಿಯಿಂದ ಪಶ್ಚಿಮಕ್ಕೆ ಬೆಟ್ಟಸಾಲಿನ ಒಳಗಿರುವ ಕಳಸಕ್ಕೆ ಬಂದರೆ ಇದೇ ಸಂಗತಿ ತಿರುವುಮುರುವಾಗಿ ಕಾಣುತ್ತದೆ. ಹಿಂದೆ ಮೂಡಿಗೆರೆ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಕಳಸ, ಹೊಂಬುಜದ ಸಾಂತರ ಕುಲದ ಭೈರರಸರ ಬೀಡಾಗಿತ್ತು. ಘಟ್ಟದ ಮೇಲೆ ಕಳಸ, ಕೆಳಗೆ ಕಾರ್ಕಳ. ಎರಡನ್ನೂ ಆಳಿದ್ದರಿಂದ ಕಳಸ–ಕಾರ್ಕಳ ರಾಜ್ಯವೆಂದೇ ಹೆಸರು. ಇವರು ಜೈನರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ವಂಶದವನು. ಆದರೆ ಭದ್ರಾ ತೀರದ ಕಳಸದ ದೇವರು ಶಿವ. ವಿಜಯನಗರದ ದಂಡು ಮಂಗಳೂರಿನಲ್ಲಿ ಬೀಡುಬಿಟ್ಟಾಗ ಕಂಗೆಟ್ಟ ಭೈರರಸ ಒಡೆಯ ಹರಕೆ ಹೊತ್ತದ್ದು ಈ ಕಳಸನಾಥನಿಗೆ. ರಾಜ್ಯ ಉಳಿದ ಮೇಲೆ ಹರಕೆ ತೀರಿಸಿದ್ದನ್ನು 1516ರ ಶಾಸನ ದಾಖಲಿಸಿದೆ. ಅದೇ ಮನೆತನದ ಇಮ್ಮಡಿ ಭೈರರಸ 1586ರಲ್ಲಿ ಕಾರ್ಕಳದಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ. ಪ್ರಜೆಗಳ ದೇವರಿಗೆ ಅರಸ ತಲೆಬಾಗಿದ. ತನ್ನ ಮತವನ್ನೂ ಬಿಡಲಿಲ್ಲ. ಅದೇ 1586ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕಳಾಗಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿಯ ವಿಚಾರಣೆ ನಡೆಯಿತು. ಎಲಿಜಬೆತ್ ವಿರುದ್ಧ ಸಂಚು ಮಾಡಿದಳೆಂಬ ಆರೋಪದ ಮೇಲೆ ಮರುವರ್ಷ ಅವಳ ತಲೆ ಉರುಳಿತು.

ಹಾಗೆಂದು ನಮ್ಮ ನಾಡಿನಲ್ಲಿ ಎಲ್ಲವೂ ಸುಗಮವಾಗಿತ್ತು ಎನ್ನುವಂತಿಲ್ಲ. ರಾಜಾಶ್ರಯ ಎಂದರೆ ಗದ್ದೆ, ಸುಂಕ, ಊರಿನ ಹುಟ್ಟುವಳಿ. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯತೊಡಗಿದರೆ ಕಾನೂನಿನ ಬಲವಂತವಿಲ್ಲದೆಯೂ ಒಂದು ಮತ ಸೊರಗುತ್ತದೆ. ವಿಷ್ಣುವರ್ಧನನ ಕಾಲ ಕಳೆದು ಎರಡು ಶತಮಾನಗಳ ನಂತರ, 1368ರಲ್ಲಿ, ವೈಷ್ಣವರಿಂದ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಡಬೇಕಾಯಿತು. ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಲ್ಲಿ ಭೇದವಿಲ್ಲ ಎಂದು ತೀರ್ಪು ಕೊಟ್ಟ. ಪಂಚಮಹಾವಾದ್ಯ ಮತ್ತು ಕಳಶದ ಹಕ್ಕು ಜೈನರಿಗೂ ಸಲ್ಲುತ್ತದೆ ಎಂದ. ಜೈನರ ಮನೆಮನೆಯಿಂದ ಬರುವ ಹಣದಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲುಗಾರರನ್ನು ನೇಮಿಸುವ ಹೊಣೆಯನ್ನು ವೈಷ್ಣವ ಮುಖಂಡನೊಬ್ಬನಿಗೇ ಒಪ್ಪಿಸಲಾಯಿತು. ಕಾವಲು ಬೇಕಾಯಿತು ಎಂಬುದೇ ಅಂದಿನ ಜೈನರ ಆತಂಕಕ್ಕೆ ಸಾಕ್ಷಿ. ಆ ಆತಂಕಕ್ಕೆ ದೊರೆ ಕಿವಿಗೊಟ್ಟದ್ದಕ್ಕೂ ಆ ಶಾಸನವೇ ಸಾಕ್ಷಿ.

ಅಂಗಡಿಯನ್ನು ಬಿಟ್ಟು ಹೊಯ್ಸಳರು ಮೊದಲು ಬೇಲೂರಿಗೆ, ಆಮೇಲೆ ದೋರಸಮುದ್ರಕ್ಕೆ ಹೋದರು. ಅರಸರ ಒಲವು ಬಸದಿಯಿಂದ ಕೇಶವನ ಗುಡಿಗೆ, ಶಿವಾಲಯಕ್ಕೆ ತಿರುಗಿತು. ಅವರು ಬಿಟ್ಟುಹೋದ ಸೊಸೆವೂರಿನಲ್ಲಿ ಬಸದಿಯ ಕಲ್ಲುಗಳೂ ಇವೆ, ಹೊಯ್ಸಳರ ಕಾಲದ ಗುಡಿಗಳ ಅವಶೇಷಗಳೂ ಇವೆ. ವಸಂತಮ್ಮನಿಗೆ ಮಾತ್ರ ಸುತ್ತಲ ಊರಿನ ಜನ ಇಂದಿಗೂ ಹಣ್ಣುಕಾಯಿ ಮಾಡಿಸುತ್ತಾರೆ.