ಕೂಡುವ ಗುರುತಿನ ಕಥೆ

‘ಕರಿ’ ಎಂಬ ಮಾತಿಗೆ ನೀವು ಯಾವ ಅರ್ಥ ಹೇಳುವಿರಿ? ಕರಿಯ ಸೊಂಡಿಲು ಎಂದರೆ ಆನೆ. ಕರಿ ಕಂಬಳಿ ಎಂದರೆ ಬಣ್ಣ. ಹಪ್ಪಳ ಕರಿ ಎಂದರೆ ಅಡಿಗೆಮನೆಯ ಕೆಲಸ. ಶಬ್ದ ಒಂದೇ, ಅರ್ಥವನ್ನು ನಿಶ್ಚಯಿಸುವುದು ಪಕ್ಕದ ಮಾತು. ಲೆಕ್ಕದ ಚಿಹ್ನೆಗಳಿಗೂ ಈ ನಾನಾರ್ಥ ಬಂದ ಬಗೆ ಸ್ವಾರಸ್ಯವಾದುದು.

ಕೂಡುವ ಗುರುತು 1489ರಲ್ಲಿ ಜರ್ಮನಿಯ ಯೋಹಾನೆಸ್ ವಿಡ್ಮನ್ನರ ವ್ಯಾಪಾರಗಣಿತದ ಪುಸ್ತಕದಲ್ಲಿ ಅಚ್ಚಾಯಿತು. ಅಲ್ಲಿ ಅದು ಸರಕಿನ ಹೆಚ್ಚಳವನ್ನು ತೋರಿಸುತ್ತಿತ್ತು. ಸಂಕಲನದ ಚಿಹ್ನೆಯಾಗಿ ನೆಲೆಗೊಂಡದ್ದು ಅನಂತರ. 1843ರಲ್ಲಿ ಐರ್ಲೆಂಡಿನ ಹ್ಯಾಮಿಲ್ಟನ್ನರು ಹೊಸ ಬಗೆಯ ಸಂಖ್ಯೆಗಳನ್ನು ಕಲ್ಪಿಸಿ, ಅವುಗಳ ಒಂದು ಕ್ರಿಯೆಗೆ ಗುಣಾಕಾರವೆಂಬ ಹಳೆಯ ಹೆಸರನ್ನೇ ಇಟ್ಟರು. ಆದರೆ ಅಲ್ಲಿ ಗುಣ್ಯ ಗುಣಕಗಳನ್ನು ಅದಲುಬದಲು ಮಾಡಿದರೆ ಲಬ್ಧವೇ ಬೇರೆಯಾಗಬಹುದು. ಹೆಸರು ಉಳಿಯಿತು; ನಿಯಮವೊಂದು ಕಳಚಿತು.

ಗಣಕಯಂತ್ರಗಳಿಗೂ ಇದೇ ಪ್ರಶ್ನೆ ಬಂದಿತು. ಪೂರ್ಣಾಂಕಗಳನ್ನು ಕೂಡುವ ರೀತಿ ಬೇರೆ, ದಶಮಾಂಶಗಳನ್ನು ಕೂಡುವ ರೀತಿ ಬೇರೆ. ಆದರೂ 1957ರ ಫೋರ್ಟ್ರಾನ್ ಭಾಷೆಯಲ್ಲಿ ಎರಡಕ್ಕೂ ಒಂದೇ ಗುರುತು. ಅರ್ಥ ಕೊಡುವ ಅಧಿಕಾರ ಮಾತ್ರ ಭಾಷೆ ರಚಿಸಿದವರದು. ಆಲ್ಗಾಲ್ 68 ಆ ಅಧಿಕಾರವನ್ನು ಬಳಸುವವನಿಗೂ ಕೊಟ್ಟಿತು.

ಡೆನ್ಮಾರ್ಕಿನ ಬ್ಯಾರ್ನೆ ಸ್ಟ್ರೌಸ್ಟ್ರುಪ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1979ರಲ್ಲಿ ಆರಂಭಿಸಿದ ಭಾಷೆಗೆ 1983ರಲ್ಲಿ ಸಿ ಪ್ಲಸ್ ಪ್ಲಸ್ ಎಂದು ಹೆಸರಾಯಿತು. ಇದರಲ್ಲಿ ಹೊಸ ಜಾತಿಯ ವಸ್ತುವನ್ನು ನಿರ್ಮಿಸಿದವನೇ ಅದಕ್ಕೆ ಕೂಡುವುದೆಂದರೇನೆಂದು ವಿಧಿಸಬಹುದು. ಹೀಗಾಗಿ ಮಿಶ್ರಸಂಖ್ಯೆಗಳನ್ನು ಕಾಗದದ ಮೇಲೆ ಬರೆದಂತೆಯೇ ಬರೆಯಲು ಸಾಧ್ಯವಾಯಿತು. ಆದರೆ ಎರಡು ಕಟ್ಟುಪಾಡುಗಳುಂಟು: ಸಾಮಾನ್ಯ ಪೂರ್ಣಾಂಕಗಳ ಸಂಕಲನದ ಅರ್ಥವನ್ನು ಯಾರೂ ಕೆಡಿಸುವಂತಿಲ್ಲ, ಕೂಡುವುದಕ್ಕಿಂತ ಗುಣಿಸುವುದು ಮೊದಲೆಂಬ ಕ್ರಮವನ್ನು ಮೀರುವಂತಿಲ್ಲ.

ಇಷ್ಟಾದರೂ ಸ್ವಾತಂತ್ರ್ಯ ಕೆಲವೊಮ್ಮೆ ಸ್ವೇಚ್ಛೆಯಾಯಿತು. ಬರೆದವನ ಮನಸ್ಸಿನ ಅರ್ಥ ಓದುವವನಿಗೆ ತಿಳಿಯದಾಯಿತು. ಅದರಿಂದಲೇ 1995ರಲ್ಲಿ ಹೊರಬಂದ ಜಾವಾ ಭಾಷೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಈ ಸೌಕರ್ಯವನ್ನು ಬಳಕೆದಾರರಿಗೆ ಕೊಡಲಿಲ್ಲ. ಆದರೆ ಅಕ್ಷರಸರಗಳನ್ನು ಜೋಡಿಸಲು ಕೂಡುವ ಗುರುತನ್ನೇ ಇಟ್ಟರು. ‘ರಾಮ’ಕ್ಕೆ ‘ನಗರ’ ಕೂಡಿದರೆ ‘ರಾಮನಗರ’, ಇದು ಸರಿಯೇ. ಅಕ್ಷರರೂಪದ ‘2’ಕ್ಕೆ ಸಂಖ್ಯೆಯಾದ 3ನ್ನು ಕೂಡಿದರೋ, ಬರುವುದು 5 ಅಲ್ಲ, ‘23’!

ಇಂದು ಬ್ಯಾಂಕಿನ ಲೆಕ್ಕವೂ ರೈಲಿನ ಟಿಕೆಟ್ಟೂ ಇಂಥ ಭಾಷೆಗಳಲ್ಲಿ ಬರೆದ ಆಜ್ಞೆಗಳಂತೆಯೇ ನಡೆಯುತ್ತವೆ. ಕವಿಯ ಶ್ಲೇಷೆಯನ್ನು ಸಹೃದಯನು ಬಿಡಿಸಿಕೊಂಡು ನಲಿಯುತ್ತಾನೆ; ಯಂತ್ರಕ್ಕೆ ಆ ಸಹೃದಯತೆ ಇಲ್ಲ, ವಿಧಿಸಿದ್ದನ್ನೇ ಮಾಡುತ್ತದೆ. ಆದುದರಿಂದ ಹಳೆಯ ಗುರುತಿಗೆ ಹೊಸ ಅರ್ಥ ಕೊಡುವವನು, ಅದನ್ನು ನಾಳೆ ಓದುವವನು ಏನೆಂದುಕೊಂಡಾನು ಎಂದು ಮೊದಲೇ ಯೋಚಿಸುವುದು ಒಳ್ಳೆಯದು.